ಎತ್ತಿನ ಹಲ್ಲು, ಲ್ಯಾಪ್‌ಟಾಪಿನ ಸುಳಿ

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ನಮ್ಮ ದೊಡ್ಡಪ್ಪ ಎತ್ತಿನ ಬಾಯಿ ಬಿಡಿಸಿ ಹಲ್ಲು ಎಣಿಸಿ, ಮೈಮೇಲಿನ ಸುಳಿ ನೋಡಿ, ಕೊನೆಗೆ ವ್ಯಾಪಾರ ಕುದುರದೆ ಕಡ್ಲೆಪುರಿ ಕಟ್ಟಿಸಿಕೊಂಡು ಮನೆಗೆ ಬರುತ್ತಿದ್ದರು. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ಹುಡುಕುವ ನನ್ನದೂ ಅದೇ ವಂಶ. ದುಡ್ಡಿಗಿಂತ ಮೊದಲು ಜೇಬಿನಿಂದ ಹೊರಬರುವುದು ಡೆಬಿಯನ್ ಲಿನಕ್ಸ್ ತುಂಬಿದ ಪೆನ್‌ಡ್ರೈವ್.

"ವಿಂಡೋಸ್ ಹಾಕ್ಕೊಡ್ತೀನಿ ಸಾರ್" ಎಂದ ಅಂಗಡಿಯವನು.

"ಬೇಡಪ್ಪ, ಇದ್ರೂ ತೆಗೆದುಬಿಡ್ತೀನಿ."

ಬಾಡಿಗೆಮನೆ ನೋಡಲು ಬಂದು ಬಾಗಿಲು ಕಿತ್ತುಹಾಕುತ್ತೇನೆ ಎಂದವನನ್ನು ನೋಡುವ ಹಾಗೆ ನೋಡಿದ.

ಪೆನ್‌ಡ್ರೈವಿನಿಂದಲೇ ಲಿನಕ್ಸ್ ಎಬ್ಬಿಸಿದರೆ ಡಿಸ್ಕ್ ಮುಟ್ಟದೆ ಯಂತ್ರದ ಗುಣ ತಿಳಿಯುತ್ತದೆ. ಪರದೆ ಬೆಳಗಿತು, ಹಾಡು ಕೇಳಿಸಿತು. ವೈ-ಫೈ ಮಾತ್ರ ಮಾವನ ಮನೆಗೆ ಬಂದ ಹೊಸ ಅಳಿಯನಂತೆ ಬಿಗುಮಾನದಿಂದ ಕೂತಿತು. ಅದರ ಚಿಪ್ಪಿಗೆ ಬೇಕಾದ ಫರ್ಮ್‌ವೇರ್ ಮುಕ್ತ ತಂತ್ರಾಂಶವಲ್ಲ, ಡೆಬಿಯನ್‌ನವರು ಮಡಿ. 2023ರ 12ನೇ ಆವೃತ್ತಿಯಲ್ಲಿ ಮಡಿ ಸಡಿಲಿಸಿ ಅದನ್ನೂ ಜೊತೆಗೇ ಕೊಟ್ಟರು. ನನ್ನ ಪೆನ್‌ಡ್ರೈವಿನಲ್ಲಿದ್ದದ್ದು 11!

ಮರುದಿನ ಹೊಸದನ್ನು ತುಂಬಿಕೊಂಡು ಹೋಗಿ 2012ರ ಥಿಂಕ್‌ಪ್ಯಾಡ್ ಎಕ್ಸ್‌230 ತಂದೆ. ಹನ್ನೆರಡೂವರೆ ಇಂಚಿನ ಪರದೆ, ಕೀಲಿಮಣೆಯ ನಡುವೆ ಕುಂಕುಮದ ಬೊಟ್ಟಿನಂಥ ಕೆಂಪು ಗುಂಡಿ. ಮೆಮೊರಿ, ಡಿಸ್ಕ್ ಬದಲಿಸಲು ಒಂದು ಸ್ಕ್ರೂಡ್ರೈವರ್ ಸಾಕು. ಬ್ಯಾಟರಿಗೆ ಅದೂ ಬೇಡ.

"ನಮ್ಮ ಮಿಕ್ಸಿಗಿಂತ ಹಳೇದು ಕಣ್ರೀ!" ಎಂದಳು ಹೆಂಡತಿ.

"ಮಿಕ್ಸಿಗೆ ಲಿನಕ್ಸ್ ಹಾಕೋಕಾಗುತ್ತೇನೇ?" ಎಂದುಬಿಟ್ಟೆ.

ಅಂದಿನಿಂದ ಮಿಕ್ಸಿ ಅಟ್ಟದ ಮೇಲಿದೆ. ಚಟ್ನಿ ರುಬ್ಬುವ ಕೆಲಸ ಒರಳಿನದು, ಅಂದರೆ ನನ್ನದು.