ವಿಜಯದಶಮಿಯ ಎರಡನೇ ಆನೆ

ವಿಜಯದಶಮಿಯ ಸಂಜೆ ಬನ್ನಿಮಂಟಪದವರು ಎಲ್ಲಿಗೂ ಹೋಗುವಂತಿಲ್ಲ. ಜಂಬೂಸವಾರಿ ಅರಮನೆಯಿಂದ ನಮ್ಮ ಕಡೆಗೇ ಬರುತ್ತದೆ, ಅದರ ಹಿಂದೆ ಪಂಜಿನ ಕವಾಯತು, ರಸ್ತೆಗೆಲ್ಲ ಬ್ಯಾರಿಕೇಡು. ಇಂಥ ಹೊತ್ತಿನಲ್ಲಿ ನಾನು, ಆಯುಧಪೂಜೆಯ ಕುಂಕುಮ ಇನ್ನೂ ಅಳಿಸದ ಲ್ಯಾಪ್‌ಟಾಪು ತೆಗೆದು, ಡೆಬಿಯನ್ನಿನ ಲಿಬ್ರೆ ಆಫೀಸಿಗೆ ಹೊಸ ಆವೃತ್ತಿ ಹಾಕಲು ಕೂತೆ.

"ಹಳೇದಕ್ಕೇನಾಗಿತ್ರೀ?" ಎಂದಳು ಮನೆಯವಳು.

ಏನೂ ಆಗಿರಲಿಲ್ಲ. ಹೊಸದು ಬಂದಿತ್ತು, ಅಷ್ಟೆ.

ಹೊಸದಕ್ಕೆ ಹೊಸ ಲಿಬ್‌ಸಿ ಬೇಕು. ಅದು ಬಂದರೆ ಪ್ರಿಂಟರಿನ ಡ್ರೈವರು ನೆಚ್ಚಿಕೊಂಡ ಹಳೆಯ ಲೈಬ್ರರಿ ಜಾಗ ಖಾಲಿ ಮಾಡಬೇಕು. ಕವಾಯತಿನ ಪಾಸಿಗೆ ಅಲೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಇವರ ಚೀಟಿ ತಂದರೆ ಅವರ ಸಹಿ, ಅವರ ಸಹಿ ಇದ್ದರೆ ಇವರ ಚೀಟಿ. (ಮೈದಾನದ ಪಕ್ಕ ಮನೆಯಿರುವ ಒಂದೇ ತಪ್ಪಿಗೆ ಪಾಸು ಕೇಳಿ ನನಗೇ ಫೋನು ಮಾಡುವ ನೆಂಟರ ಮಾತು ಈಗ ಬೇಡ.)

ಕೊನೆಗೆ, ಪ್ಯಾಕೇಜು ಹಾಕಿಕೊಡುವ ಆಪ್ಟ್, ಠಾಣೆಯ ಧಾಟಿಯಲ್ಲಿ, ನೀವು ಮುರಿದ ಪ್ಯಾಕೇಜುಗಳನ್ನು ಹಿಡಿದಿಟ್ಟುಕೊಂಡಿದ್ದೀರಿ ಎಂದಿತು. ಯಾರು ಯಾರಿಗೆ ಹೇಳುವುದು! 1993ರಲ್ಲಿ ಇಯಾನ್ ಮರ್ಡಾಕ್ ತನ್ನ ಹುಡುಗಿ ಡೆಬ್ರಾಳ ಹೆಸರಿಗೆ ತನ್ನದನ್ನು ಸೇರಿಸಿ, ತಾನು ಶುರುಮಾಡಿದ ಈ ಲಿನಕ್ಸಿಗೆ ಡೆಬಿಯನ್ ಎಂದ. ಮದುವೆಯಾಯಿತು, ಮುರಿಯಿತು. 2015ರಲ್ಲಿ, ನಲವತ್ತೆರಡಕ್ಕೇ, ಅವನೂ ಹೋದ. ಹೆಸರು ಇನ್ನೂ ಜೋಡಿಯಾಗಿಯೇ ಇದೆ.

ಆಪ್ಟ್ ಬಿಟ್ಟು, ಅದೇ ಕೆಲಸ ಮಾಡುವ ಆಪ್ಟಿಟ್ಯೂಡ್‌ನ ಮೊರೆಹೊಕ್ಕೆ. ಅದರ ಮೊದಲ ಪರಿಹಾರ: ಹೊಸದನ್ನು ಹಾಕಲೇಬೇಡಿ. 'ಎನ್' ಒತ್ತಿದೆ. ಎರಡನೆಯದು: ಇಡೀ ಡೆಸ್ಕ್‌ಟಾಪನ್ನೇ ಕಿತ್ತುಬಿಡೋಣ, ಒಪ್ಪಿಗೆಯೇ?

ಸಿಟ್ಟಿನಲ್ಲಿ, ಕೆಲಸವಿಲ್ಲದವರು ಮಾಡುವುದನ್ನು ಮಾಡಿದೆ. 'ಆಪ್ಟಿಟ್ಯೂಡ್ ಮೂ' ಎಂದು ಟೈಪಿಸಿದೆ. ಆಪ್ಟ್‌ಗೆ 'ಮೂ' ಎಂದರೆ ಹಸುವಿನ ಚಿತ್ರ ಬಿಡಿಸುತ್ತದೆ. ಇದು ಹಾಗಲ್ಲ, ಬಿಗುಮಾನದ್ದು. ಈ ಪ್ರೋಗ್ರಾಮಿನಲ್ಲಿ ಅಂಥ ಗುಟ್ಟಿನ ತಮಾಷೆಗಳಿಲ್ಲ ಎಂದಿತು. ಆಜ್ಞೆಗೊಂದು 'ವಿ' ಸೇರಿಸಿದೆ. ನಿಜವಾಗಿಯೂ ಇಲ್ಲ ಎಂದಿತು. ಇನ್ನೊಂದು 'ವಿ'. ಆಗಲೇ ಹೇಳಲಿಲ್ಲವೇ? ಮತ್ತೊಂದು. ನಿಲ್ಲಿಸು! ನಿಲ್ಲಿಸುವವನೇ ನಾನು? ಮತ್ತೊಂದು. ಸರಿ ಮಾರಾಯ, ಒಂದು ತೋರಿಸಿದರೆ ತೊಲಗುತ್ತೀಯಾ? ಮತ್ತೊಂದು. ಆಯ್ತು, ನೀನೇ ಗೆದ್ದೆ ಎಂದು ಗೆರೆಗಳಲ್ಲೊಂದು ಡುಬ್ಬ ಮೂಡಿಸಿತು. ಏನಿದು, ಚಾಮುಂಡಿ ಬೆಟ್ಟವೇ? ಕೊನೆಯದೊಂದು 'ವಿ' ಒತ್ತಿದೆ. ಆನೆಯನ್ನು ಹಾವು ನುಂಗುತ್ತಿದೆ, ಮತ್ತಿನ್ನೇನು!

"ಏನ್ರೀ, ಆನೆ ಬಂತಂತೆ!" ಬಾಗಿಲಿನಿಂದ ಕೂಗು.

"ಇಲ್ಲೂ ಬಂತು ಕಣೇ!"

ಏಳುನೂರೈವತ್ತು ಕಿಲೋ ಅಂಬಾರಿ ಹೊತ್ತ ಆನೆಯನ್ನು ಊರಿಗೆ ಊರೇ ಕಣ್ತುಂಬಿಕೊಳ್ಳುತ್ತಿದ್ದಾಗ, ನಾನು ಹಾವಿನ ಹೊಟ್ಟೆಯ ಆನೆಗೆ ಕೈಮುಗಿದು ಕೂತಿದ್ದೆ.

ಆಮೇಲೆ ಆಪ್ಟಿಟ್ಯೂಡಿನ ಮೊದಲ ಸಲಹೆಗೇ 'ವೈ' ಒತ್ತಿದೆ. ಲಿಬ್ರೆ ಆಫೀಸು ಹಳೆಯದೇ, ಚೆನ್ನಾಗಿದೆ. ಪ್ರಿಂಟರಿಗೆ ಹೊಸ ಡ್ರೈವರು ಬಂದಿದೆಯಂತೆ.