ತಾರಸಿ ತೋಟದಪ್ಪ

ಶಿವರಾತ್ರಿ ಹತ್ತಿರ ಬಂತೆಂದರೆ ಬಾಣಸವಾಡಿಯ ಒಂದೊಂದು ಕ್ರಾಸಿನಲ್ಲೂ ಒಬ್ಬ ತಾರಸಿ ತೋಟದಪ್ಪ ಚಿಗುರುತ್ತಾನೆ. 1903ರಲ್ಲಿ ರೈಲ್ವೆ ಸ್ಟೇಷನ್ ಬಳಿ ಛತ್ರ ಕಟ್ಟಿಸಿದ ಗುಬ್ಬಿ ತೋಟದಪ್ಪನವರಿಗೂ ಇವನಿಗೂ ಸಂಬಂಧವಿಲ್ಲ. ಅವರು ದಾರಿಹೋಕರಿಗೆ ನೆರಳು ಕೊಟ್ಟ ಪುಣ್ಯಾತ್ಮರು, ಇವನು ಮೆಟ್ಟಿಲು ಹತ್ತಿ ಬಂದವರನ್ನು ಬಿಸಿಲಲ್ಲಿ ನಿಲ್ಲಿಸಿ ಎಲೆ ತೋರಿಸುವವನು. ಜನವರಿಯಲ್ಲಿ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಹೋಗಿ, ಗಾಜಿನ ಮನೆಗೆ ಬೆನ್ನು ಹಾಕಿ, ಬೀಜದ ಮಳಿಗೆಗೆ ನುಗ್ಗಿದವನು ಕಂಡರೆ ಇವನೇ ಎಂದು ತಿಳಿಯಿರಿ.

ನಮ್ಮ ತೋಟದಪ್ಪ ಮೇಲಿನ ಮಹಡಿಯವರು, ನಿವೃತ್ತರು. ಏಕವಚನ ಇಲ್ಲಿಗೆ ಸಾಕು. ಎದುರಿಗೆ ಸಿಕ್ಕರೆ ನಾನೂ ಸಾರ್ ಎಂದೇ ಕರೆಯುವುದು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿಗಳನ್ನು ಬೀಗರ ಪರಿಚಯ ಮಾಡಿಸುವ ಹಾಗೆ ಪರಿಚಯಿಸುತ್ತಾರೆ. “ಇವಳು ಅರ್ಕಾ ಅನಾಮಿಕ, ಬೆಂಡೆ. ಹಳದಿ ನಂಜು ಹತ್ತಿರ ಸುಳಿಯಲ್ಲ. ಇವನು ಅರ್ಕಾ ರಕ್ಷಕ್, ಟೊಮ್ಯಾಟೊ. ಎಲೆ ಮುರುಟು, ಸೊರಗು, ಅಂಗಮಾರಿ, ಮೂರಕ್ಕೂ ಜಗ್ಗಲ್ಲ ಸಾರ್.” ಮೂರಕ್ಕೂ ಜಗ್ಗದ ಆ ಶೂರನನ್ನು ಮರುದಿನವೇ ಪಾರಿವಾಳಗಳು ಸಾಲಾಗಿ ಕಿತ್ತು ಹಾಕಿದ್ದವು. 10 ಕೆಜಿ ಸಗಣಿ, 2 ಕೆಜಿ ಬೆಲ್ಲ, 2 ಕೆಜಿ ಹಿಟ್ಟು, ಗಂಜಲ ಎಲ್ಲ ಸೇರಿಸಿ 200 ಲೀಟರ್ ನೀರಲ್ಲಿ ಕೊಳೆಹಾಕುವ ಜೀವಾಮೃತ ಒಂದೆಕರೆಗೆ ಸಾಕಂತೆ. ಇವರು ಅದನ್ನು ಕುಂಡಗಳ ಲೆಕ್ಕಕ್ಕೆ ಇಳಿಸಿದರು. ವಾಸನೆ ಮಾತ್ರ ಎಕರೆಯ ಲೆಕ್ಕದಲ್ಲೇ ಉಳಿಯಿತು. ಅದೇ ತಾರಸಿಯಲ್ಲಿ ಸಂಡಿಗೆ ಒಣಗಿಸುವ ನಮ್ಮತ್ತೆಗೂ ಅವರಿಗೂ ನಡೆಯುವ ಗಡಿ ವಿವಾದದಲ್ಲಿ ನಾನು ತಲೆಹಾಕುವುದಿಲ್ಲ.

ಇಷ್ಟೆಲ್ಲ ಸಹಿಸಿದ್ದೇನೆ. ಸಹಿಸಲಾಗದ್ದು ಕುಂಬಳದ ಮದುವೆ.

ಬೆಳಿಗ್ಗೆ ಆರಕ್ಕೆ ಬೆಲ್ಲು. ಬಾಗಿಲು ತೆಗೆದರೆ ತೋಟದಪ್ಪ. ಮುಖದಲ್ಲಿ ಆಸ್ಪತ್ರೆ ಕಾರಿಡಾರಿನ ಗಾಬರಿ.

“ಸಾರ್, ನಿಮ್ಮಲ್ಲಿ ಗಂಡಿದೆಯಾ?”

ಅಡುಗೆಮನೆಯಿಂದ ನನ್ನಾಕೆ ಕೂಗಿದಳು: “ನಮ್ಮ ಹುಡುಗನಿಗೆ ಇನ್ನೂ ಇಂಜಿನಿಯರಿಂಗ್ ಮುಗಿದಿಲ್ಲ ಅಂತ ಹೇಳ್ಬಿಡಿ!”

ವಿಷಯ ಇಷ್ಟೇ. ಕುಂಬಳದಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಹೆಣ್ಣಿನ ಬುಡದಲ್ಲಿ ಪುಟ್ಟ ಕಾಯಿ ಮೊದಲೇ ಇರುತ್ತದೆ. ಬೆಳಗಿನ ಜಾವ ಅರಳಿ ಬಿಸಿಲೇರುವಷ್ಟರಲ್ಲಿ ಮುದುಡುವ ಹೂವಿಗೆ ಅಷ್ಟರೊಳಗೆ ಪರಾಗ ಮುಟ್ಟಬೇಕು. ಜೇನು ತಾರಸಿಗೆ ಬಂದಿಲ್ಲ, ಅವರ ಬಳ್ಳಿಯಲ್ಲಿ ಅಂದು ಗಂಡು ಹೂ ಬಿಟ್ಟಿಲ್ಲ. ಅವರೇ ಬಲವಂತವಾಗಿ ಕೊಟ್ಟ ಸಸಿಯೊಂದು ನಮ್ಮ ಬಾಲ್ಕನಿಯಲ್ಲಿ ಹಬ್ಬಿತ್ತು. ಅದರಿಂದ ಒಂದು ಗಂಡು ಕಿತ್ತು, ಲುಂಗಿ ಮೇಲೆತ್ತಿ ಕಟ್ಟಿ, ನಾನೇ ದಿಬ್ಬಣ ಹೊರಟೆ. ಅವರು ಹೂವಿನ ಎಸಳು ಬಿಡಿಸಿ, ನಡುವಿನ ಹಳದಿ ಕಡ್ಡಿಯನ್ನು ಹೆಣ್ಣು ಹೂವಿಗೆ ಮೆಲ್ಲಗೆ ಸವರಿದರು. ಅವರ ಕೈ ನಡುಗುತ್ತಿತ್ತು. ನಾನು ನಗು ತಡೆದುಕೊಂಡೆ.

ವಾರದೊಳಗೆ ಕಾಯಿ ಹಳದಿಯಾಗಿ ಉದುರಿತು. ಅದನ್ನು ಅಂಗೈಯಲ್ಲಿಟ್ಟುಕೊಂಡು ಬಂದು, ತುಂಬ ಸೌಜನ್ಯದಿಂದ ಹೇಳಿದರು: “ತಪ್ಪು ತಿಳ್ಕೋಬೇಡಿ ಸಾರ್, ನಿಮ್ಮ ಗಂಡಲ್ಲೇ ಏನೋ ದೋಷ.”

ಸೋರೆ ಹೂ ಅರಳುವುದು ಮುಸ್ಸಂಜೆಗೆ. ಹಾಗಾಗಿ ಸಂಜೆಯೂ ಬೆಲ್ಲು.

2024ರ ಮಾರ್ಚಿನಲ್ಲಿ, ಬೋರ್‌ವೆಲ್‌ಗಳು ಬತ್ತಿ ಊರೇ ಟ್ಯಾಂಕರಿನ ದಾರಿ ಕಾಯುವಾಗ, ಕೈತೋಟಕ್ಕೆ ಕುಡಿಯುವ ನೀರು ಹಾಕಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತು. ಇನ್ನಾದರೂ ಬೆಲ್ಲು ನಿಂತೀತೆಂದು ನಾನು ಒಳಗೊಳಗೇ ಹಿಗ್ಗಿದೆ. ತೋಟದಪ್ಪ ಬಕೆಟ್ ಹಿಡಿದು ಮನೆಮನೆಗೆ ಹೊರಟರು: ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು, ಫಿಲ್ಟರಿನ ಪೋಲು ನೀರು. ನನ್ನಾಕೆ ಅಕ್ಕಿಯನ್ನು ಇನ್ನೊಂದು ಸಲ ತೊಳೆಯತೊಡಗಿದಳು. ಅವರ ಮಂಡಿ ನೋವು ನೋಡಲಾಗದೆ ಬಕೆಟ್ಟನ್ನು ಮೇಲೆ ಹೊತ್ತವನು ಯಾರೆಂದು ಹೇಳಬೇಕಾಗಿಲ್ಲ.

ಒಂದು ದಿನ ಆಟೋದಿಂದ ಕೆಂಪು ಮಣ್ಣಿನ ಮೂಟೆ ಇಳಿಸುತ್ತಿದ್ದರು. ಸೊಪ್ಪಿನಜ್ಜಿ ಕುಕ್ಕೆ ಕೆಳಗಿಟ್ಟು ನೋಡಿದಳು. ಈ ಲೇಔಟ್ ಆಗುವ ಮೊದಲು ಅವಳ ತವರಿನವರು ಸೊಪ್ಪಿನ ಮಡಿ ಮಾಡುತ್ತಿದ್ದದ್ದು ನಾವಿರುವ ಸಾಲುಗಳಲ್ಲೇ ಎಲ್ಲೋ.

“ಮಣ್ಣಿಗೂ ಕಾಸು ಕೊಟ್ರಾ ಸಾಮೇ?”

ಯಾವ ಪ್ರಶ್ನೆಗೂ ಅರ್ಧ ಗಂಟೆ ಉತ್ತರ ಕೊಡುವ ಮನುಷ್ಯ ಸುಮ್ಮನೆ ನಿಂತರು. ನಮ್ಮ ಪಾಯ ತೋಡಿದಾಗ ಇದೇ ಬಣ್ಣದ ಮಣ್ಣನ್ನು ಲಾರಿಗಟ್ಟಲೆ ಹೊರಗೆ ಸಾಗಿಸಿರಬೇಕು. ಅಜ್ಜಿಯೇ ಕನಿಕರಪಟ್ಟು ಹೇಳಿಕೊಟ್ಟಳು: ದಂಟಿನ ಬೀಜ ಸಾಸಿವೆಗಿಂತ ಸಣ್ಣದು, ಬರಿಗೈಲಿ ಚೆಲ್ಲಿದರೆ ಒಂದೇ ಕಡೆ ಬೀಳುತ್ತೆ, ಮರಳು ಬೆರೆಸಿ ಚೆಲ್ಲಿ, ಮೇಲೆ ಮಣ್ಣು ಎಳೆದೂ ಎಳೆಯದ ಹಾಗೆ ಎಳೀರಿ.

ಎದುರು ಸೈಟಿನಲ್ಲಿ ಮೇಸ್ತ್ರಿಯನ್ನು ಕೇಳಿ ಮರಳು ತಂದದ್ದಾಯಿತು. ಈ ಸಲ ದಂಟು ಒತ್ತೊತ್ತಾಗಿ ಬಂತು. ತಿಂಗಳೊಳಗೆ ಬಿಲ್ಡಿಂಗಿನ ಎಲ್ಲ ಮನೆಗೂ ಪುಕ್ಕಟೆ ಸೊಪ್ಪು. ಆ ವಾರ ಅಜ್ಜಿ ಕೆಳಗೆ ನಿಂತು ಕೂಗಿದರೆ ಯಾರೂ ಇಳಿಯಲಿಲ್ಲ. ಮತ್ತೆ ಕೂಗಿದಳು. ಮೇಲಿಂದ ತೋಟದಪ್ಪ ಒಂದೊಂದೇ ಮೆಟ್ಟಿಲು ಇಳಿದು ಹೋಗಿ ನಾಲ್ಕು ಕಟ್ಟು ಕೊಂಡರು. ಬರುವಾಗ ನಮ್ಮ ಬೆಲ್ಲು ಒತ್ತಿ, ಒಂದು ಕಟ್ಟು ನನ್ನ ಕೈಗಿತ್ತರು.

“ನಮ್ಮ ತೋಟದ್ದೇ ಸಾರ್, ಈಗಷ್ಟೇ ಕಿತ್ತದ್ದು.”

ಅಜ್ಜಿ ಕಟ್ಟಿದ ಬಾಳೆನಾರನ್ನು ಬಿಚ್ಚುವುದು ಮರೆತಿದ್ದರು.