ಮಿತವ್ಯಯಾಲಂಕಾರ ಮೀಮಾಂಸೆ

ಅಲಂಕಾರಶಾಸ್ತ್ರವನ್ನು ಕುರಿತು ಭಾಮಹ ದಂಡಿಗಳು ಮೊದಲ್ಗೊಂಡು ಆನಂದವರ್ಧನ ಮಮ್ಮಟರವರೆಗೆ ಬರೆದ ಆಚಾರ್ಯರಿಗೆ ನಮ್ಮ ದೇಶದಲ್ಲಿ ಕೊರತೆಯಿಲ್ಲ. ಕನ್ನಡದಲ್ಲಿ ಉಪಲಬ್ಧವಾದ ಅತಿ ಪ್ರಾಚೀನ ಗ್ರಂಥವಾದ ಕವಿರಾಜಮಾರ್ಗವೂ, ಒಂಬತ್ತನೆಯ ಶತಮಾನದಷ್ಟು ಹಿಂದೆಯೇ, ಇದೇ ವಿಷಯವನ್ನು ಪ್ರತಿಪಾದಿಸಲು ಹೊರಟಿತು. ಆದರೆ ಈ ಮಹನೀಯರಲ್ಲಿ ಒಬ್ಬರಾದರೂ, ರಂಜಾನಿನ ಹಿಂದಿನ ರಾತ್ರಿ ಬಾಗಿಲ ಚೌಕಟ್ಟಿನ ಮೇಲೆ ಸೀರಿಯಲ್ ಸೆಟ್ಟನ್ನು ಹೊಸ ಮೊಳೆ ಹೊಡೆಯದೆ ನಿಲ್ಲಿಸುವ ಬಗೆಯನ್ನು ಅರ್ಧ ಕಾರಿಕೆಯಲ್ಲಿಯೂ ಸೂಚಿಸದೆ ಹೋದುದು ಶಾಸ್ತ್ರದ ದೌರ್ಭಾಗ್ಯವೆಂದೇ ಹೇಳಬೇಕು. ಈ ಲೋಪವನ್ನು ತುಂಬುವ ಸಲುವಾಗಿ, ಹೊಸಕೋಟೆಯಿಂದ ಕಾಡುಗೋಡಿಯ ಕಡೆಗೆ ಹೋಗುವ ಹಾದಿಯಲ್ಲಿರುವ ಸಮೇತನಹಳ್ಳಿಯನ್ನು ಉದಾಹರಣಕ್ಷೇತ್ರವಾಗಿ ಆರಿಸಿಕೊಂಡು, ಅಲ್ಲಿ ಅಕ್ಕಪಕ್ಕದಲ್ಲಿ ಎರಡು ಮನೆಗಳನ್ನು ಕಲ್ಪಿಸಿ, ಒಂದರಲ್ಲಿ ಸಾಹೇಬರನ್ನೂ ಮತ್ತೊಂದರಲ್ಲಿ ಗೌಡರನ್ನೂ ಸಂಸಾರಸಮೇತ ನೆಲೆಗೊಳಿಸಿ, ಪ್ರಕೃತ ವಿಚಾರಕ್ಕೆ ಇಳಿಯುತ್ತೇವೆ.

ಮೊದಲು ಪೂರ್ವಪಕ್ಷ. ಹಬ್ಬವೆಂದಮೇಲೆ ಹಣ ಬಿಚ್ಚಲೇಬೇಕು, ಶಿವಾಜಿನಗರಕ್ಕೆ ಹೋಗಿ ಹೊಸ ಪರದೆ ತರಲೇಬೇಕು, ಗೋಡೆಗೆ ಹೊಸ ಬಣ್ಣ ಕಾಣಿಸಲೇಬೇಕು ಎಂಬುದು ಸಾಹೇಬರ ಹಿರಿಯ ಮಗನ ವಾದ. ವೈಟ್‌ಫೀಲ್ಡಿನ ಕಚೇರಿಯೊಂದರಲ್ಲಿ ಉದ್ಯೋಗ ದೊರೆತಂದಿನಿಂದ ಈ ಪಕ್ಷ ಅವನಲ್ಲಿ ಬಲವಾಗಿ ಬೇರೂರಿದೆ. ಇದಕ್ಕೆ ಅವನ ಅಮ್ಮಿ ಕೊಡುವ ಖಂಡನೆ ಸಂಕ್ಷಿಪ್ತವಾದದ್ದು: ದುಂದುವೆಚ್ಚವನ್ನು ಕುರ್‌ಆನ್ ನಿಷೇಧಿಸಿದೆ, ಈದಿನ ನಮಾಜಿಗೆ ಮುಂಚೆ ಬಡವರಿಗೆ ಸಲ್ಲಬೇಕಾದ ಫಿತ್ರದ ಹಣವನ್ನು ಮೊದಲು ತೆಗೆದಿಡಬೇಕು, ಉಳಿದದ್ದರಲ್ಲಿ ಶೀರ್ ಖುರ್ಮಾದ ಶಾವಿಗೆ, ಖರ್ಜೂರ, ಗೋಡಂಬಿಗಳು ಬರಬೇಕು, ಅದಾದಮೇಲೂ ಏನಾದರೂ ಮಿಕ್ಕಿದರೆ ಪರದೆಯ ಮಾತು. ಏನೂ ಮಿಗುವುದಿಲ್ಲವಾದ ಕಾರಣ ಅಮ್ಮಿಯ ಮದುವೆಯ ಕಾಲದ ಸೀರೆಯೊಂದು ಜರಿ ಅಂಚಿನೊಡನೆ ಪರದೆಯಾಗಿ ಅವತರಿಸುತ್ತದೆ. ಹೀಗೆ ಒಂದು ವಸ್ತುವಿನಲ್ಲಿ ಮತ್ತೊಂದನ್ನು ಆರೋಪಿಸುವುದನ್ನೇ ಆಲಂಕಾರಿಕರು ರೂಪಕವೆಂದು ಕರೆದರು.

ಗಾಜಿನ ಷೋಕೇಸಿನ ವಿಷಯ ಇನ್ನೂ ಗಹನವಾದದ್ದು. ವರ್ಷದ ಮುನ್ನೂರೈವತ್ತು ದಿನಗಳೂ ಅತಿಥಿಯ ತುಟಿಯನ್ನು ಕಾಣದೆ, ಧೂಳನ್ನು ಮಾತ್ರ ಸೇವಿಸುತ್ತ ತಪಸ್ಸು ಮಾಡುವ ಹೂಬಳ್ಳಿಯ ಬಟ್ಟಲುಗಳು ಚಾಂದ್ ರಾತ್ರಿಯಂದು ಕೆಳಗಿಳಿದು, ಮೂರು ನೀರಿನಲ್ಲಿ ಮಿಂದು, ಮಾರನೆಯ ಬೆಳಗ್ಗೆ ಹಾಲುಶಾವಿಗೆ ಹೊತ್ತು ಹಜಾರಕ್ಕೆ ಬರುತ್ತವೆ. ಹೊಸದಾಗಿ ಒಂದು ಕಾಸೂ ವ್ಯಯವಾಗದೆ, ಇದ್ದ ವಸ್ತುವನ್ನು ಮುಚ್ಚಿಟ್ಟು ತೆಗೆದುದರಿಂದಲೇ ಉಂಟಾಗುವ ಈ ಚಮತ್ಕಾರವನ್ನು ಯಾವ ಅಲಂಕಾರಕ್ಕೆ ಸೇರಿಸಬೇಕೆಂಬುದು ನಮಗೆ ಬಗೆಹರಿಯದಿದ್ದರೂ, ಅದರ ಫಲ ರಸೋತ್ಪತ್ತಿಯೇ ಎಂಬಲ್ಲಿ ಸಂದೇಹವಿಲ್ಲ.

ಇನ್ನು ರಟ್ಟಿನಿಂದ ಕತ್ತರಿಸಿ ಬೇಗಡೆ ಅಂಟಿಸಿದ ಅರ್ಧಚಂದ್ರ. ಅಂಗಡಿಗಳಲ್ಲಿ ದೊರೆಯುವ ಚಂದ್ರ ನೆಟ್ಟಗೆ ನಿಂತು, ಕೊಂಬುಗಳ ನಡುವೆ ನಕ್ಷತ್ರವೊಂದನ್ನು ಹಿಡಿದಿರುತ್ತದೆ. ಆ ಸ್ಥಾನದಲ್ಲಿ ನಕ್ಷತ್ರ ಕಾಣಿಸಬೇಕಾದರೆ ಚಂದ್ರಗೋಲದ ಕತ್ತಲ ಭಾಗವನ್ನು ತೂರಿಕೊಂಡು ಬರಬೇಕಾಗುತ್ತದೆಂಬುದನ್ನು ಕ್ಷಮಿಸೋಣ. ಆದರೆ ವಿಷುವದ್ವೃತ್ತದಿಂದ ಉತ್ತರಕ್ಕೆ ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿರುವ ನಮ್ಮ ಸೀಮೆಯಲ್ಲಿ, ಮಾರ್ಚ್ ಏಪ್ರಿಲ್‌ಗಳ ಸಂಜೆಯ ಎಳೆಚಂದ್ರ ನಿಲ್ಲುವುದಿಲ್ಲ, ಬೆನ್ನಮೇಲೆ ದೋಣಿಯಂತೆ ಮಲಗಿರುತ್ತದೆ. ಎರಡು ಮೊಳೆಗಳಲ್ಲಿ ಒಂದು ಕಳಚಿ, ಚಂದ್ರ ಅಡ್ಡಬಿದ್ದ ಮನೆಯವರನ್ನು ಜನ ಸೋಮಾರಿಗಳೆಂದು ನಗುತ್ತಾರೆ. ವಾಸ್ತವದಲ್ಲಿ ಖಗೋಳಶುದ್ಧಿಯನ್ನೂ ಮೊಳೆಯ ಉಳಿತಾಯವನ್ನೂ ಏಕಕಾಲದಲ್ಲಿ ಸಾಧಿಸಿದವರು ಅವರೊಬ್ಬರೇ.

ದೀಪಾಲಂಕಾರದಲ್ಲಿ ರಾಜ್ಯಶಾಸನವೂ ಪ್ರವೇಶಿಸುತ್ತದೆ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯ ಪ್ರಕಾರ, ಅದರ ಹಿಂದಿನ ವರ್ಷದ ಸರಾಸರಿ ಬಳಕೆಗೆ ಶೇಕಡಾ 10ನ್ನು ಕೂಡಿಸಿ, 200 ಯೂನಿಟ್ ಮೀರದಂತೆ, ವಿದ್ಯುತ್ತು ಉಚಿತವಾಯಿತು. ಆದುದರಿಂದ ಪ್ರಜೆಯ ಹಬ್ಬದ ಉತ್ಸಾಹಕ್ಕೆ ಸರ್ಕಾರ ಶೇಕಡಾ 10ರ ಎಲ್ಲೆಯನ್ನು ಗೊತ್ತುಮಾಡಿತೆಂದು ತಿಳಿಯತಕ್ಕದ್ದು. ಹೆದರಬೇಕಾದ ಕಾರಣವಿಲ್ಲ: ಐದು ವ್ಯಾಟಿನ ಎಲ್‌ಇಡಿ ಮಾಲೆಯೊಂದು ದಿನಕ್ಕೆ ಆರು ಗಂಟೆಯಂತೆ ರಂಜಾನಿನ ಮೂವತ್ತು ರಾತ್ರಿಯೂ ಉರಿದರೆ ಮುಗಿಯುವುದು ಒಂದು ಯೂನಿಟ್ಟಿಗಿಂತಲೂ ಕಡಿಮೆ. ಖರ್ಚಿರುವುದು ಕರೆಂಟಿನಲ್ಲಲ್ಲ, ಮಾಲೆಯಲ್ಲಿ. ಅದನ್ನು ಕೊಳ್ಳದಿರುವ ಉಪಾಯವೇ ಈ ಶಾಸ್ತ್ರದ ಹೃದಯ.

ಆ ಉಪಾಯ ಪಂಚಾಂಗದಲ್ಲಿದೆ. ಹಿಜರಿ ವರ್ಷಕ್ಕೆ 354 ಅಥವಾ 355 ದಿನ. ಸೌರವರ್ಷಕ್ಕಿಂತ ಹತ್ತು ಹನ್ನೊಂದು ದಿನ ಕಡಿಮೆ. ನಮ್ಮ ಚಾಂದ್ರಮಾನ ವರ್ಷವೂ ಹೀಗೆಯೇ ಹಿಂದೆ ಸರಿಯುತ್ತ ಹೋಗಿ, ಅಧಿಕಮಾಸವೊಂದನ್ನು ಸೇರಿಸಿಕೊಂಡು ಮತ್ತೆ ಮುಂದಕ್ಕೆ ನೆಗೆಯುತ್ತದೆ. ಈ ನೆಗೆತಗಳ ನಡುವಣ ಅವಧಿಯಲ್ಲಿ ಎರಡೂ ಪಂಚಾಂಗಗಳು ಒಂದೇ ಅಮಾವಾಸ್ಯೆಯ ಹಿಂದೆ ಹೆಜ್ಜೆ ಹಾಕುವ ಸುಯೋಗ ಒದಗುವುದುಂಟು. 2024ರಲ್ಲಿ ಏಪ್ರಿಲ್ 9ಕ್ಕೆ ಯುಗಾದಿಯಾದರೆ 11ಕ್ಕೆ ರಂಜಾನ್. 2025ರಲ್ಲಿ ಮಾರ್ಚ್ 30ಕ್ಕೆ ಯುಗಾದಿ, 31ಕ್ಕೆ ರಂಜಾನ್; ಗೌಡರ ಮನೆಯ ಹೊಸತೊಡಕೂ ಅದೇ ದಿನ ಬಿದ್ದುದರಿಂದ, ಎರಡೂ ಮನೆಯವರು ಒಂದೇ ಮಾಂಸದಂಗಡಿಯ ಮುಂದೆ ಒಂದೇ ಸಾಲಿನಲ್ಲಿ ನಿಂತು, ಕುರಿಯ ದರವನ್ನು ಕುರಿತು ಒಂದೇ ಅಭಿಪ್ರಾಯವನ್ನು ವ್ಯಕ್ತಪಡಿಸಿರಬೇಕೆಂದು ಅನುಮಾನಪ್ರಮಾಣದಿಂದ ಸಿದ್ಧವಾಗುತ್ತದೆ. ಯುಗಾದಿಯ ಮುಂಜಾನೆ ಮುಗಿಲಿಗೇರಿದ್ದ ಚೆಂಡುಹೂವಿನ ಬೆಲೆ ಅಂದು ಸಂಜೆಯೊಳಗೆ ನೆಲಕ್ಕಿಳಿಯುತ್ತದೆ; ಹಬ್ಬ ಒಂದು ದಿನ ತಡವಾದವನೇ ಜಾಣ.

ಗಣೇಶ ಚತುರ್ಥಿಗೂ ಈದ್ ಮಿಲಾದಿಗೂ ಇದ್ದ ಸಂಬಂಧವಂತೂ ಶಾಸ್ತ್ರಕ್ಕಾಗಿಯೇ ಏರ್ಪಟ್ಟಂತಿತ್ತು. 2024ರಲ್ಲಿ ಸೆಪ್ಟೆಂಬರ್ 7 ಮತ್ತು 16. 2025ರಲ್ಲಿ ಆಗಸ್ಟ್ 27 ಮತ್ತು ಸೆಪ್ಟೆಂಬರ್ 5. ಎರಡು ವರ್ಷವೂ ಒಂಬತ್ತೇ ದಿನಗಳ ಅಂತರ. (ಮಿಲಾದಿಗೆ ಅಲಂಕಾರ ಸಲ್ಲುವುದೋ ಇಲ್ಲವೋ ಎಂಬಲ್ಲಿ ಉಲೇಮಾಗಳೊಳಗೇ ಭಿನ್ನಮತವಿದೆ, ನಮ್ಮ ಶಾಸ್ತ್ರ ಹಗ್ಗಕ್ಕೂ ಮೈದಾ ಅಂಟಿಗೂ ಮಾತ್ರ ಸಂಬಂಧಿಸಿದ್ದಾದ ಕಾರಣ ಅಲ್ಲಿ ತಲೆಹಾಕುವುದಿಲ್ಲ.) ಗಣಪತಿಯನ್ನು ಕೆರೆಗೆ ಬಿಟ್ಟುಬಂದ ಗೌಡರ ಮಕ್ಕಳು ಪೆಂಡಾಲಿನಿಂದ ಬಿಚ್ಚಿದ ಸೀರಿಯಲ್ ಸೆಟ್ಟನ್ನು ಸುರುಳಿ ಸುತ್ತುವ ಶ್ರಮವನ್ನೂ ಪಡದೆ, ಗೋಡೆಯ ಈಚೆಗೆ ದಾಟಿಸಿಬಿಟ್ಟರಾಯಿತು. ಒಂದೇ ಮಾತು ಎರಡು ಅರ್ಥಗಳನ್ನು ಬೆಳಗಿದರೆ ಶ್ಲೇಷ. ಒಂದೇ ಮಾಲೆ ಎರಡು ಹಬ್ಬಗಳನ್ನು ಬೆಳಗಿದರೆ ಅದನ್ನು ಬೇರೆ ಏನೆಂದು ಕರೆಯೋಣ? ಗೋಡೆ ಹತ್ತುವ ಏಣಿ ಮಾತ್ರ ಬೀದಿಗೊಂದೇ ಆದ್ದರಿಂದ ಅದರ ಅನುಕ್ರಮವನ್ನು ಹದಿನೈದು ದಿನ ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಉಳಿದದ್ದು ಬಲ್ಬಿನ ಪ್ರಶ್ನೆ. ಸೀರಿಯಲ್ ಸೆಟ್ಟಿನಲ್ಲಿ ದೀಪಗಳೆಲ್ಲ ಸರಣಿಯಲ್ಲಿ ಪೋಣಿಸಲ್ಪಟ್ಟು, 230 ವೋಲ್ಟನ್ನು ತಮ್ಮತಮ್ಮಲ್ಲಿ ಹಂಚಿಕೊಂಡಿರುವುದರಿಂದ, ಒಂದು ಹೋದರೆ ಅದರ ಸರಣಿಯೇ ಆರುತ್ತದೆ. ಆ ಎರಡು ವರ್ಷವೂ ಗಣಪತಿ ಮೊದಲು, ಮಿಲಾದ್ ಅನಂತರ. ಆದಕಾರಣ ಸುಟ್ಟ ಬಲ್ಬನ್ನು ಹುಡುಕಿ ಬದಲಿಸಿ ಹಿಂದಿರುಗಿಸುವ ಹೊಣೆ ಸಾಹೇಬರ ಮೇಲಿತ್ತು. ಆದರೆ 2026ರಲ್ಲಿ ಅಧಿಕ ಜ್ಯೇಷ್ಠ ಬಂದು ಗಣೇಶ ಚತುರ್ಥಿಯನ್ನು ಸೆಪ್ಟೆಂಬರ್ 14ಕ್ಕೆ ತಳ್ಳಿತು. ಅಧಿಕಮಾಸವೆಂಬುದನ್ನೇ ಅರಿಯದ ಮಿಲಾದ್ ಆಗಸ್ಟ್ ತಿಂಗಳಿನಲ್ಲಿಯೇ ನಿಂತಿತು. ಹೀಗೆ ಕ್ರಮ ತಿರುಗಿದಮೇಲೆ ಮಾಲೆ ಮೊದಲು ಸಾಹೇಬರ ಮನೆಯಲ್ಲಿ ಉರಿದು ಆಮೇಲೆ ಪೆಂಡಾಲಿಗೆ ಹೋಗತಕ್ಕದ್ದಾದ್ದರಿಂದ, ಬಲ್ಬು ಬದಲಿಸಬೇಕಾದವರು ಇನ್ನು ಮುಂದೆ ಗೌಡರೇ ಎಂದು ಸಾಹೇಬರೂ, ಮಾಲೆಯ ಒಡೆತನ ಯಾರದೋ ವಿನಾಯಿತಿಯೂ ಅವರದೇ ಎಂದು ಗೌಡರೂ ವಾದಿಸುತ್ತಿದ್ದಾರೆ. ಅಮ್ಮಿಯೂ ಗೌಡತಿಯೂ ಸೇರಿ ಬಲ್ಬಿನ ಹಣವನ್ನು ಸಮನಾಗಿ ಹಂಚಿ ಕೊಟ್ಟು ಬಂದ ಸಂಗತಿ ಇಬ್ಬರಿಗೂ ಇನ್ನೂ ತಿಳಿದಿಲ್ಲ.